ಪೊಟ್ಟಣದ ಮೇಲೆ ಅಚ್ಚಾಗದ ಅಂಕಿ

ನಾವು ಕೊಳ್ಳುವ ಸಾಧಾರಣವಾದ ಬಿಸ್ಕತ್ತಿನ ಪೊಟ್ಟಣವೊಂದನ್ನು ತಿರುವಿ ನೋಡಿದರೆ, ನೂರು ಗ್ರಾಂ ತಿನಿಸಿನಲ್ಲಿ ಶಕ್ತಿ ಎಷ್ಟು, ಪ್ರೋಟೀನು ಎಷ್ಟು, ಕೊಬ್ಬು ಎಷ್ಟು, ಶರ್ಕರಪಿಷ್ಟ ಅಥವಾ ಕಾರ್ಬೋಹೈಡ್ರೇಟ್ ಎಷ್ಟು, ಅದರಲ್ಲಿ ಮೇಲಿಂದ ಬೆರೆಸಿದ ಸಕ್ಕರೆಯ ಪಾಲೆಷ್ಟು ಎಂಬ ವಿವರವೆಲ್ಲ ಅದರ ಬೆನ್ನಿನ ಮೇಲೆ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನ ಆರ್.ಟಿ. ನಗರದಲ್ಲಾಗಲಿ ಯಲಹಂಕ ಉಪನಗರದಲ್ಲಾಗಲಿ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ, ಆ ಬಿಸ್ಕತ್ತಿನ ಹತ್ತಿಪ್ಪತ್ತರಷ್ಟು ಬೆಲೆ ತೆತ್ತು ತರುವ ಬೆಕ್ಕಿನ ಆಹಾರದ ಚೀಲವನ್ನು ತಿರುವಿದರೆ, ಪ್ರೋಟೀನು ಇಷ್ಟಕ್ಕೆ ಕಡಿಮೆಯಿಲ್ಲ, ಕೊಬ್ಬು ಇಷ್ಟಕ್ಕೆ ಕಡಿಮೆಯಿಲ್ಲ, ನಾರು ಇಷ್ಟನ್ನು ಮೀರದು, ತೇವಾಂಶ ಇಷ್ಟನ್ನು ಮೀರದು ಎಂಬ ನಾಲ್ಕು ಸಾಲುಗಳೇ ಸಾಮಾನ್ಯವಾಗಿ ಇರತಕ್ಕವು. ಶರ್ಕರಪಿಷ್ಟದ ಮಾತು ಅಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಈ ಭೇದದ ಮೂಲವಿರುವುದು ಶಾಸನದ ವ್ಯಾಖ್ಯೆಯಲ್ಲಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಆಹಾರವೆಂದರೆ ಯಾವುದೆಂದು ನಿರೂಪಿಸುವಾಗಲೇ ಪ್ರಾಣಿಗಳ ಆಹಾರವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ಮನುಷ್ಯರ ತಿನಿಸಿಗೆ ವಿಧಿಸಿದ ಪೋಷಕಾಂಶಪಟ್ಟಿಯ ನಿಯಮವು ಬೆಕ್ಕಿನ ತಟ್ಟೆಯವರೆಗೆ ಬರುವುದಿಲ್ಲ. ಆರೋಗ್ಯವಂತ ಬೆಕ್ಕಿನ ವಿಷಯದಲ್ಲಿ ಈ ಕೊರತೆಯನ್ನು ಹೇಗೋ ಸಹಿಸಿಕೊಳ್ಳಬಹುದು. ಮಧುಮೇಹ ಹಿಡಿದ ಬೆಕ್ಕಿನ ವಿಷಯದಲ್ಲಿ ಸಹಿಸಲಾಗದು, ಏಕೆಂದರೆ ಅದರ ಚಿಕಿತ್ಸೆಯ ದೊಡ್ಡದೊಂದು ಭಾಗವು ಆ ಅಚ್ಚಾಗದ ಅಂಕಿಯನ್ನೇ ಅವಲಂಬಿಸಿದೆ.

“ಬೆಕ್ಕಿಗೂ ಶುಗರ್ ಬರತ್ತಾ?” ಎಂದು ಆಶ್ಚರ್ಯಪಡುವವರು ನಮ್ಮ ಬಡಾವಣೆಗಳಲ್ಲಿ ಈಗಲೂ ಉಂಟು. ಬರುತ್ತದೆ. ನಡುವಯಸ್ಸು ದಾಟಿದ, ಸಂತಾನಹರಣದ ಆಪರೇಷನ್ ಮಾಡಿಸಿದ, ಮನೆಯೊಳಗೇ ಇದ್ದು ಮೈ ಬೆಳೆಸಿಕೊಂಡ ಗಂಡುಬೆಕ್ಕುಗಳಲ್ಲಿ ಇದು ಹೆಚ್ಚು. ಬೇರೆ ಯಾವುದೋ ಕಾಯಿಲೆಗೆಂದು ಬಹುಕಾಲ ಸ್ಟೀರಾಯ್ಡ್ ಕೊಟ್ಟ ಬೆಕ್ಕುಗಳಲ್ಲಿಯೂ ಕಾಣಿಸಿಕೊಳ್ಳುವುದುಂಟು. ಮನುಷ್ಯರಲ್ಲಿ ಎರಡನೆಯ ಬಗೆಯೆಂದು ಹೇಳುವ ಮಧುಮೇಹವನ್ನೇ ಇದು ಬಹುಪಾಲು ಹೋಲುತ್ತದೆ: ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸುತ್ತಿದ್ದರೂ ಶರೀರವು ಅದಕ್ಕೆ ಸರಿಯಾಗಿ ಓಗೊಡದೆ, ಕ್ರಮೇಣ ಆ ಗ್ರಂಥಿಯೇ ದಣಿದು ಹಿಂಜರಿಯುತ್ತದೆ. ಜಕ್ಕೂರು, ಥಣಿಸಂದ್ರ, ಕೊಡಿಗೇಹಳ್ಳಿಗಳ ಕಡೆ ಈಚಿನ ವರ್ಷಗಳಲ್ಲಿ ಎದ್ದುನಿಂತಿರುವ ಬಹುಮಹಡಿ ವಸತಿಗಳಲ್ಲಿ, ಹುಟ್ಟಿದಂದಿನಿಂದ ನೆಲದ ಮಣ್ಣನ್ನೇ ಮೆಟ್ಟದೆ, ಜಾಲರಿ ಬಿಗಿದ ಬಾಲ್ಕನಿಯಿಂದ ಪಾರಿವಾಳಗಳನ್ನು ನೋಡುತ್ತ, ದಿನವಿಡೀ ತುಂಬಿಟ್ಟ ಬಟ್ಟಲಿನಿಂದ ಒಣ ಕಾಳುಗಳನ್ನು ಮೆಲ್ಲುತ್ತ ಬಾಳುವ ಬೆಕ್ಕುಗಳು ಎಷ್ಟೆಂಬುದನ್ನು ಗಮನಿಸಿದವರಿಗೆ, ಈ ವ್ಯಾಧಿ ಮುಂದೆ ನಮ್ಮಲ್ಲಿ ಹೆಚ್ಚುವುದೇ ಹೊರತು ಕಡಿಮೆಯಾಗಲಾರದೆಂಬ ಶಂಕೆ ಸಹಜವಾಗಿ ಹುಟ್ಟುತ್ತದೆ.

ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ನೀರಿನ ಬಟ್ಟಲು ಬೇಗಬೇಗನೆ ಬರಿದಾಗುವುದು, ಮರಳಿನ ತಟ್ಟೆಯಲ್ಲಿ ಮೂತ್ರದ ಗಡ್ಡೆಗಳು ದೊಡ್ಡವಾಗುವುದು, ಹೊಟ್ಟೆ ತುಂಬ ತಿನ್ನುತ್ತಿದ್ದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಮೈ ಇಳಿಯುವುದು, ಕೆಲವೊಮ್ಮೆ ನರಗಳು ಬಲಗುಂದಿ ಹಿಂಗಾಲಿನ ಬೆರಳುಗಳ ಮೇಲೆ ನಿಲ್ಲಲಾರದೆ ಹಿಮ್ಮಡಿಯವರೆಗೂ ನೆಲಕ್ಕೆ ಊರಿ ನಡೆಯುವುದು. ಇವನ್ನು ಕಂಡೊಡನೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ಹೆಬ್ಬಾಳದಲ್ಲಿ, 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಇರುವುದು ಉತ್ತರ ಬೆಂಗಳೂರಿನವರ ಸೌಭಾಗ್ಯ. ಮನೆಮಂದಿಗೆ ಧೈರ್ಯ ತರತಕ್ಕ ಸಂಗತಿಯೂ ಒಂದುಂಟು. ಮಧುಮೇಹಿ ನಾಯಿಗೆ ಇನ್ಸುಲಿನ್ ಬಹುಮಟ್ಟಿಗೆ ಜೀವಾವಧಿಯ ಸಂಗಾತಿ. ಬೆಕ್ಕಿಗಾದರೋ, ರೋಗ ಪತ್ತೆಯಾದೊಡನೆ ಇನ್ಸುಲಿನ್ ಆರಂಭಿಸಿ, ಅದರ ಜೊತೆಗೆ ಆಹಾರದಿಂದ ಶರ್ಕರಪಿಷ್ಟವನ್ನು ಆದಷ್ಟು ತೆಗೆದುಹಾಕಿದರೆ, ಕೆಲವು ತಿಂಗಳ ಮೇಲೆ ಸೂಜಿಯ ಅಗತ್ಯವೇ ಇಲ್ಲದ ಸ್ಥಿತಿಗೆ ಮರಳುವ ಅವಕಾಶವಿದೆ. ಎಲ್ಲ ಬೆಕ್ಕಿಗೂ ಈ ಭಾಗ್ಯ ಲಭಿಸುವುದಿಲ್ಲ. ಲಭಿಸುವ ಬೆಕ್ಕಿಗೆ ತಟ್ಟೆಯ ತಪ್ಪಿನಿಂದ ಅದು ತಪ್ಪಿಹೋಗಬಾರದು.

ಬೆಕ್ಕಿನ ದೇಹರಚನೆಯನ್ನು ಸ್ವಲ್ಪ ವಿಚಾರಿಸಿದರೆ ಈ ಶರ್ಕರಪಿಷ್ಟದ ಮಾತಿಗೆ ಇಷ್ಟು ತೂಕವೇಕೆಂಬುದು ತಿಳಿಯುತ್ತದೆ. ಅನ್ನದ ತುತ್ತನ್ನು ಬಾಯಲ್ಲಿಟ್ಟೊಡನೆ ಪಿಷ್ಟವನ್ನು ಒಡೆಯತೊಡಗುವ ಅಮೈಲೇಸ್ ಎಂಬ ಕಿಣ್ವವು ನಮ್ಮ ಜೊಲ್ಲಿನಲ್ಲಿದೆ, ಬೆಕ್ಕಿನದರಲ್ಲಿ ಇಲ್ಲ. ಊಟದ ತರುವಾಯ ರಕ್ತಕ್ಕೆ ನುಗ್ಗುವ ಗ್ಲೂಕೋಸನ್ನು ತಡೆದು ಹಿಡಿಯಲು ನಮ್ಮ ಯಕೃತ್ತಿನಲ್ಲಿ ದುಡಿಯುವ ಗ್ಲೂಕೋಕೈನೇಸ್ ಅದರ ಯಕೃತ್ತಿನಲ್ಲಿ ಅತ್ಯಲ್ಪ. ಸಿಹಿಯ ರುಚಿಯೂ ಅದಕ್ಕೆ ತಿಳಿಯದು: ಸಿಹಿಯನ್ನು ಗ್ರಹಿಸಲು ಬೇಕಾದ ಎರಡು ಜೀನುಗಳಲ್ಲಿ ಒಂದು ಮಾರ್ಜಾಲ ಕುಲದಲ್ಲಿ ಕೆಟ್ಟು ನಿಷ್ಕ್ರಿಯವಾಗಿದೆಯೆಂದು ಅಮೆರಿಕದ ಫಿಲಡೆಲ್ಫಿಯಾದ ಮೋನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ತನಗೆ ಬೇಕಾದ ಗ್ಲೂಕೋಸನ್ನು ಅದು ಮಾಂಸದ ಪ್ರೋಟೀನಿನಿಂದ ತಾನೇ ಅವಿರತವಾಗಿ ತಯಾರಿಸಿಕೊಳ್ಳುತ್ತದೆ. ಸ್ವತಂತ್ರವಾಗಿ ಬೇಟೆಯಾಡಿ ಬದುಕುವ ಬೆಕ್ಕುಗಳ ಆಹಾರದಲ್ಲಿ ಶಕ್ತಿಯ ನೂರು ಪಾಲಿನಲ್ಲಿ ಸುಮಾರು 52 ಪ್ರೋಟೀನಿನಿಂದಲೂ 46 ಕೊಬ್ಬಿನಿಂದಲೂ ಬರುವುದಾಗಿ, ಶರ್ಕರಪಿಷ್ಟದ ಪಾಲು ಕೇವಲ 2 ಎಂದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕಹಾಕಿದೆ. ಯಶವಂತಪುರದ ಮಾರುಕಟ್ಟೆಯ ಮಂಡಿಗಳಲ್ಲಿ, ಅಕ್ಕಿ ಬೇಳೆಗಳ ಮೂಟೆಗಳ ಸಾಲಿನ ನಡುವೆ ಓಡಾಡಿಕೊಂಡಿರುವ ಬೆಕ್ಕನ್ನು ನೋಡಿರಿ: ಸುತ್ತಲೂ ಬೆಟ್ಟದಂತೆ ಪಿಷ್ಟ ಬಿದ್ದಿದ್ದರೂ ಅದು ಮೂಸುವುದು ಆ ಪಿಷ್ಟವನ್ನು ಕದಿಯಲು ಬರುವ ಇಲಿಯನ್ನು. ಮನುಷ್ಯನ ಕಣಜದ ಬಳಿ ಬೆಕ್ಕು ಬಂದು ನೆಲಸಿದ್ದು ಸಹಸ್ರಾರು ವರ್ಷಗಳ ಹಿಂದೆ. ಕಣಜದ ಕಾಳು ಅಂದಿನಿಂದ ಈಚಿನವರೆಗೂ ಅದರ ಮುಖ್ಯ ಊಟವಾಗಿರಲಿಲ್ಲ. ಅದನ್ನು ಊಟವನ್ನಾಗಿ ಮಾಡಿದವರು ನಾವು, ಅದೂ ಕಳೆದ ಒಂದು ಶತಮಾನದೊಳಗೆ.

ಮಧುಮೇಹಿ ಬೆಕ್ಕಿನ ಆಹಾರದಲ್ಲಿ ಶಕ್ತಿಯ ನೂರು ಪಾಲಿನಲ್ಲಿ ಶರ್ಕರಪಿಷ್ಟವು ಸುಮಾರು 12ನ್ನು ಮೀರಬಾರದೆಂಬುದು 2015ರಲ್ಲಿಯೂ 2018ರಲ್ಲಿಯೂ ಅಂತರರಾಷ್ಟ್ರೀಯವಾಗಿ ಮಾನ್ಯವಾದ ಪಶುವೈದ್ಯ ಮಾರ್ಗಸೂಚಿಗಳು ಇಟ್ಟ ಗೆರೆ. ಇದು ತೂಕದ ಲೆಕ್ಕವಲ್ಲ, ಶಕ್ತಿಯ ಲೆಕ್ಕ ಎಂಬುದನ್ನು ಓದುಗರು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಲೆಕ್ಕದ ಮೂಲಸೂತ್ರ ಸರಳ. ಯಾವ ಆಹಾರವನ್ನೇ ತೆಗೆದುಕೊಂಡರೂ ಅದರ ನೂರು ಗ್ರಾಂ ತೂಕವನ್ನು ನೀರು, ಪ್ರೋಟೀನು, ಕೊಬ್ಬು, ನಾರು, ಬೂದಿ, ಶರ್ಕರಪಿಷ್ಟ ಎಂಬ ಆರು ಭಾಗಗಳು ಹಂಚಿಕೊಂಡಿರುತ್ತವೆ. ಮೊದಲ ಐದನ್ನು ಕೂಡಿಸಿ ನೂರರಿಂದ ಕಳೆದರೆ ಉಳಿಯುವುದೇ ಆರನೆಯದು. ಬೂದಿಯೆಂದರೆ ಯಾರೋ ಬೆರೆಸಿದ ವಸ್ತುವೆಂದು ಗಾಬರಿಯಾಗಬಾರದು. ಆಹಾರವನ್ನು ಮೂಸೆಯಲ್ಲಿಟ್ಟು ಪ್ರಯೋಗಶಾಲೆಯ ಕುಲುಮೆಯಲ್ಲಿ ಸುಮಾರು 550 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಉರಿಸಿದ ಮೇಲೆ ಉಳಿಯುವ ಸುಣ್ಣ, ರಂಜಕ ಮೊದಲಾದ ಖನಿಜಾಂಶವೇ ಅದು. ಹೀಗೆ ಶರ್ಕರಪಿಷ್ಟದ ಗ್ರಾಮುಗಳನ್ನು ಕಂಡುಕೊಂಡ ತರುವಾಯ, ಸಾಕುಪ್ರಾಣಿಗಳ ಆಹಾರಕ್ಕೆಂದು ಬಳಕೆಯಲ್ಲಿರುವ ರೂಢಿಯಂತೆ, ಪ್ರೋಟೀನು ಮತ್ತು ಶರ್ಕರಪಿಷ್ಟಗಳ ಪ್ರತಿ ಗ್ರಾಮಿಗೆ 3.5 ಕಿಲೊಕ್ಯಾಲರಿ, ಕೊಬ್ಬಿನ ಪ್ರತಿ ಗ್ರಾಮಿಗೆ 8.5 ಕಿಲೊಕ್ಯಾಲರಿ ಎಂದು ಗುಣಿಸಿ, ಒಟ್ಟು ಶಕ್ತಿಯಲ್ಲಿ ಶರ್ಕರಪಿಷ್ಟದ ಪಾಲನ್ನು ತೆಗೆಯಬೇಕು.

ಒಣ ಆಹಾರದ ಒಂದು ಚೀಲವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಪ್ರೋಟೀನು 32, ಕೊಬ್ಬು 10, ನಾರು 4, ತೇವಾಂಶ 10 ಎಂದು ಅದರ ಮೇಲೆ ಅಚ್ಚಾಗಿದೆ. ಬೂದಿಯ ಅಂಕಿ ಇಲ್ಲದ ಕಾರಣ ಒಣ ಆಹಾರಕ್ಕೆ ಸಾಮಾನ್ಯವಾದ 8ನ್ನು ನಾವೇ ಹಾಕಿಕೊಳ್ಳೋಣ. ಮೊತ್ತ 64, ಉಳಿದದ್ದು 36, ಅದೇ ಶರ್ಕರಪಿಷ್ಟ. ಶಕ್ತಿಯ ಲೆಕ್ಕದಲ್ಲಿ ಪ್ರೋಟೀನಿನಿಂದ 112, ಕೊಬ್ಬಿನಿಂದ 85, ಶರ್ಕರಪಿಷ್ಟದಿಂದ 126, ಒಟ್ಟು 323 ಕಿಲೊಕ್ಯಾಲರಿ. ಅಂದರೆ ಶಕ್ತಿಯ ಶೇಕಡಾ 39 ಪಾಲು ಶರ್ಕರಪಿಷ್ಟದ್ದು. ಬೂದಿ 8ರ ಬದಲು 7 ಇರಲಿ, 9 ಇರಲಿ, ಈ ಅಂಕಿ ಸುಮಾರು 40ಕ್ಕೆ ಏರೀತು ಅಥವಾ 38ಕ್ಕೆ ಇಳಿದೀತು. 12ರ ಗೆರೆಯಿಂದ ಬಹುದೂರದಲ್ಲಿಯೇ ಉಳಿಯುತ್ತದೆ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಒಣ ಕಾಳುಗಳನ್ನು ತಯಾರಿಸುವ ಯಂತ್ರದಲ್ಲಿ ಹಿಟ್ಟು ಬಿಸಿಯಾಗಿ ಒತ್ತಲ್ಪಟ್ಟು ಉಬ್ಬಿ ಕಾಳಿನ ಆಕಾರ ಹಿಡಿಯಬೇಕಾದರೆ ಅದರಲ್ಲಿ ಪಿಷ್ಟವಿರಲೇಬೇಕು. ‘ಧಾನ್ಯರಹಿತ’ ಎಂದು ದೊಡ್ಡ ಅಕ್ಷರಗಳಲ್ಲಿ ಸಾರುವ ಚೀಲಗಳಲ್ಲಿಯೂ ಜೋಳ ಗೋಧಿಗಳ ಸ್ಥಾನದಲ್ಲಿ ಆಲೂಗಡ್ಡೆಯೋ ಬಟಾಣಿಯೋ ಮರಗೆಣಸೋ ಕುಳಿತಿರುತ್ತದೆ. ಧಾನ್ಯ ಹೋಯಿತೇ ವಿನಾ ಪಿಷ್ಟ ಹೋಗಲಿಲ್ಲ.

ತೊಡಕು ಇರುವುದು ರಸ ಸಹಿತವಾಗಿ ಸಣ್ಣ ಪೊಟ್ಟಣಗಳಲ್ಲಿ ಬರುವ ಒದ್ದೆ ಆಹಾರದಲ್ಲಿ. ಮಧುಮೇಹಿ ಬೆಕ್ಕಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುವುದೂ ಒದ್ದೆ ಆಹಾರವನ್ನೇ. ಇಂಥದೊಂದರಲ್ಲಿ ತೇವಾಂಶ 85, ಪ್ರೋಟೀನು 7, ಕೊಬ್ಬು 2.5, ನಾರು 1 ಎಂದಿರಲಿ. ಒಣ ಚೀಲದ 32ರ ಮುಂದೆ ಈ 7 ಎಂಬ ಪ್ರೋಟೀನಿನ ಅಂಕಿಯನ್ನು ಕಂಡು, ಇದೇನು ಬರಿಯ ನೀರು ಎಂದು ಪೊಟ್ಟಣವನ್ನು ಕೆಳಗಿಡುವವರನ್ನು ನಾನು ಅಂಗಡಿಯಲ್ಲಿ ನೋಡಿದ್ದೇನೆ. ನೀರನ್ನು ಕಳೆದು ಉಳಿದ 15 ಗ್ರಾಂ ಒಣಸಾರದಲ್ಲಿ 7 ಗ್ರಾಂ ಪ್ರೋಟೀನು ಎಂದರೆ ಅರ್ಧಕ್ಕೆ ಹತ್ತಿರವಾಯಿತೆಂಬುದನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಅದಿರಲಿ, ಈಗ ಬೂದಿಯ ಅಂಕಿಗಾಗಿ ಪೊಟ್ಟಣವನ್ನು ಹುಡುಕಿರಿ. ಇಲ್ಲ. 2 ಎಂದು ಊಹಿಸಿದರೆ ಮೊತ್ತ 97.5, ಶರ್ಕರಪಿಷ್ಟ 2.5 ಗ್ರಾಂ. ನೂರಕ್ಕೆ ಎರಡೂವರೆಯೆಂದರೆ ಏನೂ ಅಲ್ಲವೆಂದು ತೋರುತ್ತದೆ. ಶಕ್ತಿಗೆ ತಿರುಗಿಸಿದಾಗ ಒಟ್ಟು 54.5 ಕಿಲೊಕ್ಯಾಲರಿಯಲ್ಲಿ 8.75 ಅದರದೇ ಆಗಿ, ಶೇಕಡಾ 16ರಷ್ಟಾಗುತ್ತದೆ. ಬೂದಿ 3 ಆಗಿದ್ದರೆ ಶರ್ಕರಪಿಷ್ಟ 1.5 ಗ್ರಾಮಿಗೆ ಇಳಿದು ಅದರ ಪಾಲು ಸುಮಾರು ಶೇಕಡಾ 10. ಬೂದಿ 1 ಆಗಿದ್ದರೆ 3.5 ಗ್ರಾಮಿಗೆ ಏರಿ ಶೇಕಡಾ 21. ಬೂದಿಯ ಒಂದೊಂದು ಅಂಕದ ಅಂತರದಿಂದ, ಅದೇ ಪೊಟ್ಟಣವು ಮಧುಮೇಹಿಗೆ ಯೋಗ್ಯವೆಂದೂ ಅಯೋಗ್ಯವೆಂದೂ ಎರಡು ತೀರ್ಪಿಗೂ ಒಳಗಾಗುತ್ತದೆ! ಮೇಲಾಗಿ, ಅಚ್ಚಾದ ನಾಲ್ಕು ಅಂಕಿಗಳೂ ಕನಿಷ್ಠ ಗರಿಷ್ಠಗಳ ಮಿತಿಗಳೇ ಹೊರತು ನಿಜವಾದ ಪ್ರಮಾಣಗಳಲ್ಲ: ಪ್ರೋಟೀನು ಕನಿಷ್ಠ 7 ಎಂದಿರುವಲ್ಲಿ ವಾಸ್ತವವಾಗಿ 9 ಇದ್ದೀತು, ತೇವಾಂಶ ಗರಿಷ್ಠ 85 ಎಂದಿರುವಲ್ಲಿ 82 ಇದ್ದೀತು. ಕಳೆಯುವ ಲೆಕ್ಕದಲ್ಲಿ ಮೇಲಿನ ಐದು ಅಂಕಿಗಳ ದೋಷವೆಲ್ಲ ಕೊನೆಗೆ ಬಂದು ಸೇರುವುದು ಆರನೆಯ ಅಂಕಿಯ ತಲೆಯ ಮೇಲೆ. ಆ ಆರನೆಯದೇ ಅತಿ ಚಿಕ್ಕದಾಗಿರುವಾಗ ದೋಷವು ಅಂಕಿಯನ್ನೇ ನುಂಗಿಬಿಡುತ್ತದೆ. ಒಣ ಆಹಾರ ಕೂಡದೆಂದು ಹೇಳುವುದಕ್ಕೆ ಮನೆಯ ಲೆಕ್ಕ ಸಾಕು. ಎರಡು ಒದ್ದೆ ಆಹಾರಗಳಲ್ಲಿ ಯಾವುದು ಮೇಲೆಂದು ಹೇಳುವುದಕ್ಕೆ ಸಾಲದು. ಅದಕ್ಕೆ ಬೇಕಾದುದು ತಯಾರಕರ ಪ್ರಯೋಗಶಾಲೆಯಲ್ಲಿ ದೊರೆತ ವಾಸ್ತವ ವಿಶ್ಲೇಷಣೆ, ಬೂದಿಯ ಅಂಕಿ ಸಹಿತವಾಗಿ. ಅದು ಅವರಲ್ಲಿ ಇದ್ದೇ ಇರುತ್ತದೆ. ಪ್ರೋಟೀನು ಇಷ್ಟಕ್ಕೆ ಕಡಿಮೆಯಿಲ್ಲವೆಂದು ಭರವಸೆ ಕೊಡತಕ್ಕವನು ಅಳೆಯದೆ ಕೊಡಲಾರನು.

ಇನ್ನು ಮನೆಯ ಊಟ. ನಮ್ಮ ಕಡೆ ಬೆಕ್ಕಿಗೆ ಪೊಟ್ಟಣದ ಆಹಾರ ಬಂದದ್ದು ಈಚೆಗೆ. ಹಾಲನ್ನ, ಮೊಸರನ್ನ, ಮೀನಿನ ತಲೆಯೊಡನೆ ಕಲಸಿದ ಅನ್ನ, ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಇವೇ ತಲೆತಲಾಂತರದಿಂದ ಬಂದ ಉಪಚಾರ. ನಾಲ್ಕು ಕಿಲೊ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೊಕ್ಯಾಲರಿ ಬೇಕೆಂದು ಇಟ್ಟುಕೊಂಡರೆ, ಅದರ ಶೇಕಡಾ 12 ಎಂದರೆ 24 ಕಿಲೊಕ್ಯಾಲರಿ, ಅಂದರೆ ಏಳು ಗ್ರಾಂ ಶರ್ಕರಪಿಷ್ಟ. ಇಡೀ ದಿನಕ್ಕೆ ಅಷ್ಟೆ. ಬೆಂದ ಅನ್ನದ ನೂರು ಗ್ರಾಮಿನಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವಿರುವುದರಿಂದ, 25 ಗ್ರಾಂ ಅನ್ನ, ಎಂದರೆ ದೊಡ್ಡ ಚಮಚೆಯಲ್ಲಿ ಎರಡು ಸಲ ತೆಗೆದಷ್ಟು, ಆ ದಿನದ ಪಾಲನ್ನು ಪೂರ್ತಿಯಾಗಿ ಮುಗಿಸಿಬಿಡುತ್ತದೆ. ನೂರು ಮಿಲಿಲೀಟರ್ ಹಾಲಿನಲ್ಲಿ ಸುಮಾರು ಐದು ಗ್ರಾಂ ಹಾಲಿನ ಸಕ್ಕರೆ. ಮೇಲೆ ಹೇಳಿದ ಒಣ ಕಾಳುಗಳಿಂದಲೇ ಆ 200 ಕಿಲೊಕ್ಯಾಲರಿಯನ್ನು ತುಂಬಿಸಿದರೆ ಒಳಗೆ ಹೋಗುವ ಶರ್ಕರಪಿಷ್ಟ 22 ಗ್ರಾಂ, ಮಿತಿಯ ಮೂರರಷ್ಟು. ಬೇಯಿಸಿದ ಕೋಳಿಮಾಂಸದಲ್ಲಿ, ಮೀನಿನಲ್ಲಿ, ಅದು ಇಲ್ಲವೆಂದೇ ಹೇಳಬಹುದು; ಮೊಟ್ಟೆಯಲ್ಲಿ ಅತ್ಯಲ್ಪ.

ಇಲ್ಲಿ ಮನುಷ್ಯರ ಮಧುಮೇಹದಿಂದ ಕಲಿತ ಪಾಠವೇ ಮನೆಮಂದಿಯನ್ನು ತಪ್ಪುದಾರಿಗೆ ಎಳೆಯುವುದುಂಟು. ಮನೆಯ ಹಿರಿಯರಿಗೆ ಅನ್ನ ಕಡಿಮೆ ಮಾಡಿ ರಾಗಿಮುದ್ದೆ ಹೆಚ್ಚಿಸಿರೆಂದು ಡಾಕ್ಟರು ಹೇಳಿರುತ್ತಾರೆ. ಅದೇ ನ್ಯಾಯವನ್ನು ಬೆಕ್ಕಿಗೂ ಅನ್ವಯಿಸಿ, ಅನ್ನದ ಬದಲು ರಾಗಿಯ ಅಂಬಲಿಯನ್ನೋ ಓಟ್ಸನ್ನೋ ಅದರ ಮುಂದೆ ಇಡುವ ಸದುದ್ದೇಶದ ಗೃಹಿಣಿಯರು ಇದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳನ್ನು ತೆರೆದರೆ, ಹಸಿ ಅಕ್ಕಿಯ ನೂರು ಗ್ರಾಮಿನಲ್ಲಿ ಶರ್ಕರಪಿಷ್ಟ ಸುಮಾರು 78, ರಾಗಿಯಲ್ಲಿ ಸುಮಾರು 67. ನಿಧಾನವಾಗಿ ಕರಗುವ ಗುಣ ರಾಗಿಗೆ ಇರಬಹುದು. ಏಳು ಗ್ರಾಮಿನ ಮಿತಿಯುಳ್ಳ ಪ್ರಾಣಿಗೆ ಆ ಗುಣದಿಂದ ಆಗುವ ಉಪಕಾರ ಸ್ವಲ್ಪವೇ. ಕೊಬ್ಬನ್ನು ಕಡಿಮೆ ಮಾಡಬೇಕೆಂಬ ಉಪದೇಶವೂ ಹಾಗೆಯೇ: ಬೆಕ್ಕಿನ ತಟ್ಟೆಯಲ್ಲಿ ಕೊಬ್ಬನ್ನು ಇಳಿಸಿದಷ್ಟೂ ಶಕ್ತಿಯಲ್ಲಿ ಶರ್ಕರಪಿಷ್ಟದ ಪಾಲು ಮೇಲೇರುತ್ತದೆ.

ಸಸ್ಯಾಹಾರಿ ಮನೆಗಳ ಸಂಕಟವನ್ನು ನಾನು ಬಲ್ಲೆ, ಅದನ್ನು ಹಗುರಾಗಿ ಕಾಣುವವನಲ್ಲ. ಅಡುಗೆಮನೆಗೆ ಮೊಟ್ಟೆಯೂ ಬಾರದ ಮನೆಯಲ್ಲಿ, ಹಿತ್ತಲಿಗೆ ತಾನಾಗಿಯೇ ಬಂದು ಸೇರಿದ ಬೆಕ್ಕಿಗೆ ಮೊಸರನ್ನವಿಟ್ಟು ಹತ್ತು ವರ್ಷ ಸಲಹಿದ ಅಜ್ಜಿಯ ಪ್ರೀತಿಯಲ್ಲಿ ಯಾವ ಕೊರತೆಯೂ ಇಲ್ಲ. ಆ ಬೆಕ್ಕು ಹೊರಗೆ ಇಲಿ ಓತಿಗಳನ್ನು ಹಿಡಿದು ತನ್ನ ಪಾಲನ್ನು ತಾನು ತುಂಬಿಕೊಳ್ಳುತ್ತಿದ್ದಾಗ ಮೊಸರನ್ನ ಒಂದು ಉಪಾಹಾರವಾಗಿತ್ತು. ಮೂರನೆಯ ಮಹಡಿಯಲ್ಲಿ ಬಾಗಿಲು ಮುಚ್ಚಿಕೊಂಡು ಬಾಳುವ, ಅದರಲ್ಲಿಯೂ ಮಧುಮೇಹ ಹಿಡಿದ ಬೆಕ್ಕಿಗೆ ಅದೇ ಊಟವಾಗಲಾರದು. ಮುಚ್ಚಿದ ಪೊಟ್ಟಣದ ಮಾಂಸಾಹಾರವನ್ನು ಬೇರೆ ತಟ್ಟೆ, ಬೇರೆ ಚಮಚೆ, ಬೇರೆ ಮೂಲೆ ಎಂದು ವಿಂಗಡಿಸಿ ಇಡಲು ಒಪ್ಪಿಕೊಂಡ ಇಂಥ ಅನೇಕ ಮನೆಗಳು ನಮ್ಮ ನಗರದಲ್ಲಿವೆ. ಧರ್ಮಕ್ಕೆ ಅದರಿಂದ ಹಾನಿಯಾಯಿತೆಂದು ನಾನು ಭಾವಿಸುವುದಿಲ್ಲ. ಹಾಗೆಂದು ಬರಿಯ ಕೋಳಿಮಾಂಸವನ್ನು ಬೇಯಿಸಿ ಹಾಕುತ್ತ ಹೋದರೂ ಸರಿಹೋಗದು. ಟಾರೀನ್ ಎಂಬ ಅಂಶವು ಕೊರತೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುವುದೆಂದು 1987ರಲ್ಲಿ ಸಿದ್ಧವಾಯಿತು. ಮೂಳೆಯಿಲ್ಲದ ಮಾಂಸದಲ್ಲಿ ಸುಣ್ಣದ ಅಂಶವೂ ಸಾಲದು. ಮನೆಯ ಅಡುಗೆಯನ್ನೇ ನೆಚ್ಚುವವರು ಪೂರಕಾಂಶಗಳನ್ನು ವೈದ್ಯರಿಂದ ಬರೆಯಿಸಿಕೊಳ್ಳಬೇಕು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರಿನ ಮಾಂಸವನ್ನು ಬೆಕ್ಕಿನ ಹತ್ತಿರಕ್ಕೂ ತರಕೂಡದು, ಅವು ಅದರ ರಕ್ತಕಣಗಳನ್ನು ನಾಶಮಾಡುತ್ತವೆ. ಮೂತ್ರಪಿಂಡ ಸೊರಗಿದ ಬೆಕ್ಕಿಗೆ ಪ್ರೋಟೀನು ರಂಜಕಗಳ ಬೇರೆ ಲೆಕ್ಕವೇ ಉಂಟು, ಅಲ್ಲಿ ವೈದ್ಯರ ಮಾತೇ ಪ್ರಮಾಣ.

ಆಹಾರವನ್ನು ಬದಲಿಸುವ ಮುನ್ನ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಲೇಖನದಿಂದ ಉಪಕಾರಕ್ಕಿಂತ ಅಪಕಾರವೇ ಆದೀತು. ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ತಟ್ಟೆಯಿಂದ ಶರ್ಕರಪಿಷ್ಟವನ್ನು ಏಕಾಏಕಿ ತೆಗೆದು, ಇನ್ಸುಲಿನ್ನನ್ನು ಮಾತ್ರ ಹಿಂದಿನ ಪ್ರಮಾಣದಲ್ಲಿಯೇ ಕೊಡುತ್ತ ಹೋದರೆ ರಕ್ತದ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಬದಲಾವಣೆ ಮಾಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಕಿವಿಯ ಅಂಚಿನಿಂದ ರಕ್ತದ ಹನಿ ತೆಗೆದು ಸಕ್ಕರೆಯನ್ನು ನೋಡುವ ಕ್ರಮವನ್ನು ಅವರಿಂದ ಕಲಿತಿರಬೇಕು. ಬೆಕ್ಕು ತೂರಾಡಿದರೆ, ನಡುಗಿದರೆ, ಕರೆದರೆ ಓಗೊಡದಿದ್ದರೆ, ವಸಡಿಗೆ ಜೇನನ್ನೋ ಗ್ಲೂಕೋಸನ್ನೋ ಸವರಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಿರಿಂಜಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಮ್ಮ ದೇಶದ ಔಷಧದಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ 100 ಯೂನಿಟ್ ಇರುವ ಇನ್ಸುಲಿನ್ನೂ ಎರಡೂ ದೊರೆಯುತ್ತವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಬೆಕ್ಕಿಗೆ ಸಾಮಾನ್ಯವಾಗಿ ಬಳಸುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ನೂರರ ಜಾತಿಯದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎರಡರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಐದು ಯೂನಿಟ್. ಒಂದೆರಡು ಯೂನಿಟ್ಟಿನಲ್ಲಿ ಚಿಕಿತ್ಸೆ ಆರಂಭವಾಗುವ ಪ್ರಾಣಿಗೆ ಅದು ಮಾರಕವಾಗಬಹುದು. ದಪ್ಪನೆಯ ಬೆಕ್ಕನ್ನು ಬೇಗ ಇಳಿಸಬೇಕೆಂದು ಉಪವಾಸ ಕೆಡಹುವುದೂ ಅಷ್ಟೇ ಅಪಾಯಕಾರಿ. ಕೆಲವೇ ದಿನ ಊಟ ಬಿಟ್ಟರೂ ಅದರ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ.

ಮನುಷ್ಯರಿಗೇ ಪೌಷ್ಟಿಕಾಹಾರ ಸಿಗದ ನಾಡಿನಲ್ಲಿ ಬೆಕ್ಕಿನ ಶರ್ಕರಪಿಷ್ಟಕ್ಕೆ ಇಷ್ಟೊಂದು ಚಿಂತೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ನಾನು ಬೇಡುತ್ತಿರುವುದು ಸರ್ಕಾರದ ಬೊಕ್ಕಸದಿಂದ ಹಣವನ್ನಲ್ಲ, ಈಗಾಗಲೇ ಹಣ ತೆತ್ತು ಕೊಂಡ ಪದಾರ್ಥದಲ್ಲಿ ಏನಿದೆಯೆಂಬ ಮಾಹಿತಿಯನ್ನು. ಅದನ್ನು ಅಚ್ಚು ಹಾಕಲು ತಗಲುವುದು ಎರಡು ಸಾಲಿನ ಶಾಯಿ. ಆ ಮಾಹಿತಿ ಇಲ್ಲದ್ದರಿಂದ ವ್ಯರ್ಥವಾಗುವ ಇನ್ಸುಲಿನ್ನಿನ, ಪರೀಕ್ಷಾಪಟ್ಟಿಗಳ, ಆಸ್ಪತ್ರೆಯ ವೆಚ್ಚ ಬೀಳುವುದು ನಿವೃತ್ತಿವೇತನದಲ್ಲಿ ಬಾಳುವ ಸಾಮಾನ್ಯರ ಮೇಲೆ. ಪಶುವೈದ್ಯಕೀಯ ಔಷಧಗಳಿಗಿಂತ ಆಹಾರವೇ ಇಲ್ಲಿ ಅಗ್ಗದ ಔಷಧ. ಯಾವ ಔಷಧದ ಸೀಸೆಯ ಮೇಲೂ ಅದರ ಮುಖ್ಯ ಘಟಕವನ್ನು ಬರೆಯದೆ ಮಾರಲು ನಾವು ಬಿಡುವುದಿಲ್ಲ.

ಆದುದರಿಂದ, ನಾಯಿ ಬೆಕ್ಕುಗಳ ಆಹಾರಕ್ಕೆ ಮಾನಕಗಳನ್ನು ಬರೆಯುವ ಭಾರತೀಯ ಮಾನಕ ಬ್ಯೂರೋ, ಬೂದಿಯ ಪ್ರಮಾಣವನ್ನೂ ನೂರು ಕಿಲೊಕ್ಯಾಲರಿಗೆ ಶರ್ಕರಪಿಷ್ಟ ಎಷ್ಟು ಗ್ರಾಂ ಎಂಬುದನ್ನೂ ಪೊಟ್ಟಣದ ಮೇಲೆ ತೋರಿಸತಕ್ಕದ್ದೆಂದು ವಿಧಿಸಬೇಕು. ಕೇಂದ್ರ ಸರ್ಕಾರವು ಅದನ್ನು ಕಡ್ಡಾಯ ಮಾಡಬೇಕು. ಪ್ರಾಣಿಗಳನ್ನು ಬಲ್ಲ ಪಂಡಿತರು ಹೆಬ್ಬಾಳದಲ್ಲಿದ್ದಾರೆ. ಧಾನ್ಯಗಳನ್ನು ಬಲ್ಲವರು ಅದೇ ಬಳ್ಳಾರಿ ರಸ್ತೆಯಲ್ಲಿ ಇನ್ನಷ್ಟು ಮುಂದೆ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿದ್ದಾರೆ. ಅವರಿಬ್ಬರೂ ಕೂಡಿ, ನಮ್ಮ ಮಾರುಕಟ್ಟೆಯಲ್ಲಿ ದೊರೆಯುವ ಬೆಕ್ಕಿನ ಆಹಾರಗಳನ್ನೂ ನಮ್ಮ ಮನೆಗಳಲ್ಲಿ ಇಡುವ ತಿನಿಸುಗಳನ್ನೂ ಅಳೆದು, ಕನ್ನಡದಲ್ಲಿ ಒಂದೇ ಹಾಳೆಯ ಕೋಷ್ಟಕವನ್ನು ಅಚ್ಚು ಹಾಕಿಸಿ ಆಸ್ಪತ್ರೆಗಳ ಗೋಡೆಗೆ ಅಂಟಿಸಿದರೆ, ಎಷ್ಟೋ ಮನೆಗಳಿಗೆ ಉಪಕಾರವಾದೀತು. ಅಲ್ಲಿಯವರೆಗೆ ಬೆಕ್ಕು ಸಾಕಿದವರು ಕೈಕಟ್ಟಿ ಕೂರಬೇಕಾದ್ದಿಲ್ಲ. ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ಗ್ರಾಹಕರು ವಿಚಾರಿಸಿಕೊಳ್ಳಲು ದೂರವಾಣಿ ಸಂಖ್ಯೆ ಇರಲೇಬೇಕೆಂದು 2011ರ ಕಾನೂನುಬದ್ಧ ಮಾಪನ ನಿಯಮಗಳು ಹೇಳುತ್ತವೆ. ನಿಮ್ಮ ಬೆಕ್ಕಿನ ಆಹಾರದ ಚೀಲದ ಮೇಲೂ ಆ ಸಂಖ್ಯೆ ಇದೆ. ಅದಕ್ಕೆ ಕರೆ ಮಾಡಿ, ಈ ಆಹಾರದಲ್ಲಿ ಬೂದಿ ಎಷ್ಟು, ತೇವಾಂಶ ಪ್ರೋಟೀನು ಕೊಬ್ಬುಗಳ ವಾಸ್ತವ ಪ್ರಮಾಣ ಎಷ್ಟು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿರಿ. ಉತ್ತರ ಕೊಡಲೊಲ್ಲದ ತಯಾರಕರ ಆಹಾರವನ್ನು ಮಧುಮೇಹಿ ಬೆಕ್ಕಿನ ತಟ್ಟೆಗೆ ಹಾಕಬೇಡಿರಿ.